ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಹುಡುಗ ಮೊರಾಕೊ ಪರ ಆಡೋದು ಹೇಗೆ?

ಓದುಗರ ಪ್ರಶ್ನೆ: ಮೊರಾಕೊ ಫುಟ್‌ಬಾಲ್ ತಂಡದಲ್ಲಿ ಎಷ್ಟೋ ಜನ ಹುಟ್ಟಿ ಬೆಳೆದಿದ್ದು ಯುರೋಪಿನಲ್ಲಂತೆ. ಅವರನ್ನು ದುಡ್ಡು ಕೊಟ್ಟು ಕರೆಸಿಕೊಳ್ಳುತ್ತಾರಾ?

ಖಂಡಿತ ಇಲ್ಲ. ಕ್ಲಬ್‌ಗಳ ಹಾಗೆ ದೇಶದ ತಂಡಕ್ಕೆ ಆಟಗಾರರನ್ನು ಕೊಳ್ಳೋಕೆ ಆಗಲ್ಲ. ಆ ದೇಶದ ಪೌರತ್ವ ಇರಲೇಬೇಕು. ಈ ಹುಡುಗರಿಗೆ ಅದು ಅಪ್ಪ ಅಮ್ಮನಿಂದ ಬಂದಿದೆ.

2022ರ ಕತಾರ್ ವಿಶ್ವಕಪ್‌ಗೆ ಹೋದ ಮೊರಾಕೊದ 26 ಆಟಗಾರರಲ್ಲಿ 14 ಮಂದಿ ಬೇರೆ ದೇಶಗಳಲ್ಲಿ ಹುಟ್ಟಿದವರು. ಅಶ್ರಫ್ ಹಕಿಮಿ ಮ್ಯಾಡ್ರಿಡ್‌ನಲ್ಲಿ, ಹಕೀಂ ಜಿಯೆಶ್ ಮತ್ತು ಸೋಫಿಯಾನ್ ಅಮ್ರಾಬತ್ ನೆದರ್ಲೆಂಡ್ಸ್‌ನಲ್ಲಿ, ಗೋಲ್‌ಕೀಪರ್ ಯಾಸಿನ್ ಬೂನೂ ದೂರದ ಕೆನಡಾದಲ್ಲಿ. ಆಗಿನ ಕೋಚ್ ವಾಲಿದ್ ರೆಗ್ರಾಗಿ ಹುಟ್ಟಿದ್ದೂ ಫ್ರಾನ್ಸ್‌ನಲ್ಲೇ. ಹಾಗಂತ ಊರಿನ ಹುಡುಗರು ಇರಲಿಲ್ಲ ಅಂತಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಪೋರ್ಚುಗಲ್ ವಿರುದ್ಧ ಅಷ್ಟೆತ್ತರ ಜಿಗಿದು ತಲೆಯಿಂದ ಗೋಲು ಹೊಡೆದ ಯೂಸೆಫ್ ಎನ್-ನೆಸಿರಿ ಮೊರಾಕೊದ ಫೆಸ್ ನಗರದವರು.

ಯುರೋಪಿಗೆ ಇವರ ಮನೆಯವರು ಹೋಗಿದ್ದು ದುಡಿಮೆಗೆ. 1963ರಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ, 1964ರಲ್ಲಿ ಬೆಲ್ಜಿಯಂ, 1969ರಲ್ಲಿ ನೆದರ್ಲೆಂಡ್ಸ್ ಕೆಲಸಗಾರರನ್ನು ಕರೆಸಿಕೊಳ್ಳಲು ಮೊರಾಕೊ ಜತೆ ಒಪ್ಪಂದ ಮಾಡಿಕೊಂಡವು. ಗಣಿಗೆ, ಕಾರ್ಖಾನೆಗೆ ಅಂತ ಹೋದವರು ಅಲ್ಲೇ ನೆಲೆ ನಿಂತರು. ಅಂಥ ಮನೆಗಳ ಮಕ್ಕಳು, ಮೊಮ್ಮಕ್ಕಳೇ ಈಗ ಆಡುತ್ತಿರುವುದು.

ಒಂದು ದೇಶಕ್ಕೆ ಆಡಿದ ಮೇಲೆ ಇನ್ನೊಂದಕ್ಕೆ ಹೋಗಬಹುದಾ? ಇಲ್ಲಿ ಮುನೀರ್ ಎಲ್ ಹದ್ದಾದಿ ಕತೆ ಹೇಳಲೇಬೇಕು. 2014ರಲ್ಲಿ 19 ವರ್ಷದ ಈ ಹುಡುಗನನ್ನು ಮ್ಯಾಸಿಡೋನಿಯಾ ವಿರುದ್ಧದ ಯುರೋ ಅರ್ಹತಾ ಪಂದ್ಯದ ಕೊನೆಯಲ್ಲಿ ಸ್ಪೇನ್ ಕಣಕ್ಕಿಳಿಸಿತು. ಆಡಿದ್ದು ಬರೀ 13 ನಿಮಿಷ. ಸ್ಪೇನ್ ಆಮೇಲೆ ಕರೆಯಲಿಲ್ಲ. ಮೊರಾಕೊಗೆ ಹೋಗೋಣ ಅಂದರೆ ಫಿಫಾ ನಿಯಮ ಬಿಡಲಿಲ್ಲ. ಕ್ರೀಡಾ ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ಉಪಯೋಗವಾಗದೆ 2018ರ ವಿಶ್ವಕಪ್ ಕೈತಪ್ಪಿತು. ಹದಿಮೂರು ನಿಮಿಷಕ್ಕೆ ಇಷ್ಟು ದೊಡ್ಡ ಶಿಕ್ಷೆ ಅನ್ಯಾಯ ಅಲ್ವಾ? 2020ರಲ್ಲಿ ಫಿಫಾ ನಿಯಮ ಸಡಿಲಿಸಿತು. 21 ವರ್ಷ ತುಂಬುವ ಮೊದಲು ಹೆಚ್ಚೆಂದರೆ ಮೂರು ಪಂದ್ಯ ಆಡಿದ್ದು, ಅದಾಗಿ ಮೂರು ವರ್ಷ ಕಳೆದಿದ್ದರೆ ತಂಡ ಬದಲಿಸಬಹುದು. ವಿಶ್ವಕಪ್‌ನಂಥ ಮುಖ್ಯ ಟೂರ್ನಿಯಲ್ಲೇ ಆಡಿದ್ದರೆ ಮಾತ್ರ ಆಗಲ್ಲ. ಕೊನೆಗೆ 2021ರಲ್ಲಿ ಮುನೀರ್ ಮೊರಾಕೊ ಜೆರ್ಸಿ ತೊಟ್ಟರು.

ಭಾರತಕ್ಕೂ ಹೀಗೆ ಕರೆಸಬಹುದಲ್ಲ ಅಂತ ಕೇಳಬಹುದು. ನಮ್ಮಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶವೇ ಇಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಭಾರತದ ಪರ ಆಡೋಕೆ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಡಬೇಕಾಯಿತು.

ಹಕಿಮಿಗೆ ಇಂಥ ತೊಡಕು ಬರಲಿಲ್ಲ. ಅವರ ತಾಯಿ ಮ್ಯಾಡ್ರಿಡ್‌ನಲ್ಲಿ ಮನೆಗೆಲಸ ಮಾಡುತ್ತಿದ್ದರು, ತಂದೆ ಬೀದಿಯಲ್ಲಿ ವ್ಯಾಪಾರ. ಸ್ಪೇನ್‌ನ ಕಿರಿಯರ ಶಿಬಿರಕ್ಕೆ ಹೋಗಿದ್ದಾಗ ಅದು ತನ್ನ ಜಾಗ ಅನ್ನಿಸಲಿಲ್ಲ ಅಂತ ಅವರೇ ಹೇಳಿದ್ದಾರೆ. ಕತಾರ್‌ನಲ್ಲಿ ಅದೇ ಸ್ಪೇನ್ ಎದುರಿಗೆ ಬಂತು. ಪೆನಾಲ್ಟಿ ಶೂಟೌಟ್. ಕೊನೆಯ ಒದೆತಕ್ಕೆ ಬಂದ ಹಕಿಮಿ ಚೆಂಡನ್ನು ಜೋರಾಗಿ ಹೊಡೆಯಲೇ ಇಲ್ಲ. ಗೋಲ್‌ಕೀಪರ್ ಒಂದು ಬದಿಗೆ ಹಾರಿದ್ದರು. ಚೆಂಡು ನಡುವಿನಲ್ಲಿ ಮೆಲ್ಲಗೆ ತೇಲಿ ಬಲೆಗೆ ಬಿತ್ತು.