ಆತ್ಮಸಾಕ್ಷಿಯ ನಿರಾಕರಣೆ: ಸೇನೆಗೆ ‘ಒಲ್ಲೆ’ ಎಂದವನ ಹೆಸರು

ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರವಿರುವ ಬೆಳಗಾವಿಯಲ್ಲಿ ‘ಭರ್ತಿ’ ಎಂದರೆ ಸೇನಾ ಭರ್ತಿ ಎಂದೇ ಅರ್ಥ. 1.6 ಕಿ.ಮೀ. ಓಟದ ಸಮಯ ಹಿಡಿಯಲು ನಸುಕಿನಲ್ಲೇ ಎದ್ದು ಓಡುವ ಹುಡುಗರನ್ನು ದಿನವೂ ಕಾಣುವ ಊರಿಗೆ, ಸೇನೆಯೇ ಕರೆದರೂ ಬರಲೊಪ್ಪದವನ ಕಥೆ ಸುಲಭವಾಗಿ ದಕ್ಕುವುದಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆ ಸೇರಲೊಪ್ಪದ ಅಮೆರಿಕದ ಮುಷ್ಟಿಯುದ್ಧ ಪಟು ಮುಹಮ್ಮದ್ ಅಲಿಯ ಮೊಕದ್ದಮೆಯನ್ನು ಕುರಿತು ಅಲ್ಲಿನ ಟಿ.ವಿ. ವಾಹಿನಿ ಎಚ್‌ಬಿಒ 2013ರಲ್ಲಿ ಪ್ರಸಾರ ಮಾಡಿದ ಟಿ.ವಿ. ಚಿತ್ರವನ್ನು ನಮ್ಮ ಓಣಿಯ ನಿವೃತ್ತ ಹವಾಲ್ದಾರರೊಬ್ಬರ ಜೊತೆ ಕುಳಿತು ನೋಡುತ್ತಿದ್ದಾಗ ಅವರು ಅರ್ಧಕ್ಕೇ ಕೇಳಿದರು: “ಹಂಗಾರ ಇಂವಾ ಭಗೋಡಾನ ಅಲ್ಲೇನ್ರಿ?”

ಭಗೋಡಾ ಎಂಬುದು ದಳ ಬಿಟ್ಟು ಓಡಿಹೋದವನಿಗೆ ಫೌಜಿನಲ್ಲಿ ಸಲ್ಲುವ ಹಿಂದಿ ಮಾತು. ಚಿತ್ರದ ಉದ್ದಕ್ಕೂ ಕೇಳಿಬರುವ ‘ಕಾನ್‌ಷಿಯೆನ್ಷಸ್ ಆಬ್ಜೆಕ್ಟರ್’ ಎಂಬ ಪದ ಸೂಚಿಸುವುದು ಬೇರೆಯವನನ್ನು. ಯುದ್ಧದಲ್ಲಿ ಆಯುಧ ಹಿಡಿಯಲು ತನ್ನ ಧರ್ಮ ಅಥವಾ ನೈತಿಕ ನಂಬಿಕೆ ಒಪ್ಪುವುದಿಲ್ಲವೆಂದು ಅಧಿಕಾರಿಗಳ ಎದುರಿಗೇ ಹೇಳಿ, ಅದರ ಪರಿಣಾಮಕ್ಕೆ ಸಿದ್ಧನಾಗಿ ನಿಲ್ಲುವವನಿಗೆ ಆ ಹೆಸರು.

ಇದನ್ನು ಕನ್ನಡದಲ್ಲಿ ‘ಆತ್ಮಸಾಕ್ಷಿಯ ನಿರಾಕರಣೆ’ ಎಂದು ಬರೆಯುವುದುಂಟು. ಆದರೆ ಆ ಷಷ್ಠೀ ವಿಭಕ್ತಿ ತೊಡಕಿನದು; ಆತ್ಮಸಾಕ್ಷಿಯನ್ನೇ ನಿರಾಕರಿಸಿದಂತೆ, ಅಂದರೆ ಅರ್ಥವೇ ತಲೆಕೆಳಗಾಗಿ ಕೇಳುತ್ತದೆ. ‘ಆತ್ಮಸಾಕ್ಷಿಗೆ ಒಪ್ಪದ ಸೇವೆಯ ನಿರಾಕರಣೆ’ ಎಂದರೆ ಉದ್ದವಾದರೂ ತಪ್ಪಾಗದು. ನನ್ನ ಮಟ್ಟಿಗೆ ನಮ್ಮ ಕಡೆಯ ‘ಒಲ್ಲೆ’ ಎಂಬ ಒಂದೇ ಮಾತು ಈ ಎಲ್ಲಕ್ಕಿಂತ ಹತ್ತಿರದ್ದು. ‘ಆಗೂದಿಲ್ಲ’ ಎಂಬುದರಲ್ಲಿ ಅಶಕ್ತಿಯಿದೆ, ಅನಾರೋಗ್ಯವಿದೆ, ಮನೆಯ ತೊಂದರೆಯಿದೆ. ‘ಒಲ್ಲೆ’ ಎಂಬುದರಲ್ಲಿ ಮನಸ್ಸಿನ ತೀರ್ಮಾನವೊಂದೇ ಇದೆ.

ಕಾನೂನೂ ಇದೇ ಭೇದವನ್ನು ಮಾಡುತ್ತದೆ. ಬ್ರಿಟನ್ 1916ರಲ್ಲಿ ಕಡ್ಡಾಯ ಸೇನಾ ಸೇವೆಯನ್ನು ತಂದಾಗ ಅನಾರೋಗ್ಯ ಮತ್ತು ಕುಟುಂಬದ ಸಂಕಷ್ಟಗಳ ಜೊತೆಗೆ ಆತ್ಮಸಾಕ್ಷಿಯನ್ನೂ ವಿನಾಯಿತಿಗೆ ಪ್ರತ್ಯೇಕ ಕಾರಣವಾಗಿ ಕಾಯ್ದೆಯಲ್ಲಿ ಸೇರಿಸಿತು. ಅರ್ಜಿಗಳನ್ನು ಸ್ಥಳೀಯ ಮಂಡಳಿಗಳು ವಿಚಾರಿಸುತ್ತಿದ್ದವು, ಮತ್ತು ಜರ್ಮನ್ ಸೈನಿಕನೊಬ್ಬ ನಿನ್ನ ತಂಗಿಯ ಮೇಲೆ ಕೈಮಾಡಿದರೆ ಏನು ಮಾಡುತ್ತೀ ಎಂಬ ಪ್ರಶ್ನೆ ಅಲ್ಲಿ ಸವೆದ ನಾಣ್ಯದಂತೆ ಚಲಾವಣೆಯಲ್ಲಿತ್ತು. ವಿನಾಯಿತಿ ಸಿಗದೆ ಬಲವಂತವಾಗಿ ಫ್ರಾನ್ಸಿಗೆ ಸಾಗಿಸಲ್ಪಟ್ಟು, ಅಲ್ಲಿಯೂ ಆಜ್ಞೆ ಪಾಲಿಸದ ಮೂವತ್ತಕ್ಕೂ ಹೆಚ್ಚು ಮಂದಿಗೆ ಅದೇ ವರ್ಷ ಮರಣದಂಡನೆ ವಿಧಿಸಿ, ಬಳಿಕ ಅದನ್ನು ಹತ್ತು ವರ್ಷಗಳ ಕಠಿಣ ಸಜೆಗೆ ಇಳಿಸಲಾಯಿತು.

ಅಲಿಯ ಪ್ರಕರಣದಲ್ಲಿ ಪದದ ಒಳಗಿನ ಬಿಗಿ ಇನ್ನೂ ಸ್ಪಷ್ಟವಾಗುತ್ತದೆ. 1967ರ ಏಪ್ರಿಲ್ 28ರಂದು ಹ್ಯೂಸ್ಟನ್ ನಗರದ ಭರ್ತಿ ಕೇಂದ್ರದಲ್ಲಿ ಹೆಸರು ಕರೆದಾಗ ಒಂದು ಹೆಜ್ಜೆ ಮುಂದಿಡಬೇಕಿತ್ತು; ಆ ಹೆಜ್ಜೆಯೇ ಸೇನೆ ಸೇರಿದ್ದರ ಗುರುತು. ಅಲಿ ನಿಂತಲ್ಲೇ ನಿಂತ. ಅಪರಾಧವಾದದ್ದು ಅಷ್ಟೇ, ಇಡದೆ ಉಳಿದ ಒಂದು ಹೆಜ್ಜೆ. ಅದಕ್ಕೆ ಐದು ವರ್ಷಗಳ ಸಜೆ, 10,000 ಡಾಲರ್ ದಂಡ ಬಿತ್ತು. ಮೇಲ್ಮನವಿಯಿಂದಾಗಿ ಆತ ಜೈಲಿನ ಹೊರಗೇ ಉಳಿದರೂ ಮೂರು ವರ್ಷಕ್ಕೂ ಹೆಚ್ಚು ಕಾಲ ಮುಷ್ಟಿಯುದ್ಧದ ಅಖಾಡಕ್ಕೆ ಇಳಿಯಲಾಗಲಿಲ್ಲ.

ಅಮೆರಿಕದ ನ್ಯಾಯಾಲಯಗಳು ಇಂಥವನನ್ನು ಮೂರು ಒರೆಗಲ್ಲುಗಳಿಗೆ ಹಚ್ಚುತ್ತಿದ್ದವು: ವಿರೋಧವು ಯಾವುದೇ ರೂಪದ ಯುದ್ಧಕ್ಕೂ ಇರಬೇಕು, ಅದು ಧಾರ್ಮಿಕ ಶಿಕ್ಷಣ ಮತ್ತು ನಂಬಿಕೆಯಲ್ಲಿ ಬೇರೂರಿರಬೇಕು, ಮತ್ತು ಅದು ಪ್ರಾಮಾಣಿಕವಾಗಿರಬೇಕು. ಎಡವಿಸುವುದು ಮೊದಲನೆಯದೇ. ವಿಯೆಟ್ನಾಂ ಯುದ್ಧವೊಂದೇ ಅನ್ಯಾಯ, ಬೇರೊಂದಾದರೆ ಹೋಗುತ್ತಿದ್ದೆ ಎನ್ನುವವನಿಗೆ ವಿನಾಯಿತಿಯಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1971ರ ಮಾರ್ಚ್‌ನಲ್ಲಿ ಹೇಳಿತ್ತು. ಧರ್ಮಯುದ್ಧವಾದರೆ ಅಲಿ ಹೋರಾಡುತ್ತಾನೆ, ಹಾಗಾಗಿ ಆತ ಎಲ್ಲ ಯುದ್ಧಗಳ ವಿರೋಧಿಯಲ್ಲ ಎಂಬುದು ಸರ್ಕಾರದ ವಾದ. ಗಮನಿಸಬೇಕಾದದ್ದೆಂದರೆ, ವಿಯೆಟ್ನಾಂ ಯುದ್ಧ ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಕೋರ್ಟ್ ಕೈಗೆತ್ತಿಕೊಳ್ಳಲೇ ಇಲ್ಲ. ತೂಗಿದ್ದು ಒಬ್ಬ ಮನುಷ್ಯನ ನಂಬಿಕೆಯ ಸ್ವರೂಪವನ್ನು.

ಚಿತ್ರ ಬೆನ್ನುಹತ್ತುವುದು ನ್ಯಾಯಮೂರ್ತಿಗಳ ಕೋಣೆಯೊಳಗಿನ ಈ ಜಗ್ಗಾಟವನ್ನೇ. ಅಲಿಯ ಪಾತ್ರಕ್ಕೆ ನಟನಿಲ್ಲ, ಹಳೆಯ ಸುದ್ದಿಚಿತ್ರಗಳಲ್ಲಿ ಆತನೇ ಬಂದುಹೋಗುತ್ತಾನೆ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಥರ್ಗುಡ್ ಮಾರ್ಷಲ್ ಪ್ರಕರಣದಿಂದ ಹಿಂದೆ ಸರಿದಿದ್ದರಿಂದ ಉಳಿದ ಎಂಟು ಮಂದಿಯಲ್ಲಿ ಮೊದಲು ಐವರು ಶಿಕ್ಷೆಯ ಪರವಾಗಿದ್ದರು. ಆ ಐವರಲ್ಲೊಬ್ಬರಾದ ಜಾನ್ ಹಾರ್ಲನ್ ಮನಸ್ಸು ಬದಲಿಸಿದಾಗ ಅದು ನಾಲ್ಕು-ನಾಲ್ಕು ಆಯಿತು. ಸಮಬಲವಾದರೆ ಕೆಳಗಿನ ತೀರ್ಪೇ ನಿಲ್ಲುತ್ತಿತ್ತು. ಕೊನೆಗೆ ದಾರಿ ತೋರಿದ್ದು ಒಂದು ಸಣ್ಣ ಸಂದು. ನ್ಯಾಯ ಇಲಾಖೆಯು ಮೂರೂ ಪರೀಕ್ಷೆಗಳಲ್ಲಿ ಅಲಿ ಸೋತನೆಂದು, ಆತನ ವಿನಾಯಿತಿ ಅರ್ಜಿಯನ್ನು ವಿಚಾರಿಸಿದ ಭರ್ತಿ ಮೇಲ್ಮನವಿ ಮಂಡಳಿಗೆ ಬರೆದಿತ್ತು, ಆದರೆ ಕೋರ್ಟಿನಲ್ಲಿ ಎರಡರಲ್ಲಿ ಆತ ಗೆದ್ದಿದ್ದಾನೆಂದು ಸರ್ಕಾರವೇ ಒಪ್ಪಿಕೊಂಡಿತು. ಮಂಡಳಿಯೋ ಯಾವ ಕಾರಣಕ್ಕೆ ಅರ್ಜಿ ತಿರಸ್ಕರಿಸಿತೆಂದು ಬರೆದಿರಲೇ ಇಲ್ಲ. ತಪ್ಪು ಕಾರಣದ ಮೇಲೆ ನಿಂತಿರಬಹುದಾದ ಆದೇಶ ಊರ್ಜಿತವಲ್ಲವೆಂದು 1971ರ ಜೂನ್ 28ರಂದು ಎಂಟೂ ಮಂದಿ ಶಿಕ್ಷೆಯನ್ನು ರದ್ದುಪಡಿಸಿದರು. ಆತ್ಮಸಾಕ್ಷಿಯ ಮಹಾವಿಜಯವೆಂದು ಇದನ್ನು ಹೊಗಳುವವರು ಈ ಸಂದನ್ನು ಮರೆಯುತ್ತಾರೆ.

ಹವಾಲ್ದಾರರಿಗೆ ಇಷ್ಟನ್ನು ಹೇಳಿದ ಮೇಲೆ ಅವರು ಕೇಳಿದ್ದು ನಮ್ಮ ದೇಶದ ಸಂಗತಿ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಡುತ್ತದೆ. ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತಿದ್ದ ಕೇರಳದ ಶಾಲಾಮಕ್ಕಳನ್ನು ಹೊರಹಾಕಿದ್ದು ತಪ್ಪೆಂದು 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಹಿಂದೆ ಅದರ ಬಲವೂ ಇತ್ತು. ಇನ್ನೊಂದೆಡೆ 23ನೇ ವಿಧಿಯು ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸಲು ಸರ್ಕಾರಕ್ಕೆ ಅವಕಾಶವಿಟ್ಟಿದೆ. ಕಡ್ಡಾಯ ಭರ್ತಿಯೇ ಇಲ್ಲದ್ದರಿಂದ ಇವೆರಡೂ ಸೇನೆಯ ವಿಷಯದಲ್ಲಿ ಮುಖಾಮುಖಿಯಾಗುವ ಪ್ರಸಂಗ ಬಂದಿಲ್ಲ. ಭರ್ತಿಗೆ ಹೋಗದವನನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಸೇರಿದ ಮೇಲೆ ಮನಸ್ಸು ಒಪ್ಪದೆ ಹೇಳದೆ ಬಿಟ್ಟುಬಂದವನಿಗೆ 1950ರ ಸೇನಾ ಕಾಯ್ದೆಯಲ್ಲಿ ಸಿಗುವ ಹೆಸರುಗಳೆಂದರೆ 38ನೇ ಪ್ರಕರಣದ ಪಲಾಯನ, ಇಲ್ಲವೇ 39ನೇ ಪ್ರಕರಣದ ರಜೆಯಿಲ್ಲದ ಗೈರುಹಾಜರಿ.