ಶಿಸ್ತುಕ್ರಮ ಆದಮೇಲೆ ಅವನ ಮನೆಗೆ ಯಾರು ಹೋಗುತ್ತಾರೆ?

ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಯಲ್ಲಿ ಒಬ್ಬ ಮನುಷ್ಯನಿದ್ದ. ಅವನ ಹೆಸರು ನಮಗೆ ಗೊತ್ತಿಲ್ಲ. ತಂದೆಯ ಹೆಂಡತಿಯ ಜೊತೆ ಸಂಸಾರ ಮಾಡುತ್ತಿದ್ದ. ವಿಷಯ ಎಲ್ಲರಿಗೂ ಗೊತ್ತಿತ್ತು. ಸಭೆಯವರು ಮಾತ್ರ ಅವನನ್ನು ಕೇಳಲಿಲ್ಲ. ಅಷ್ಟೇ ಅಲ್ಲ, ಅಂಥ ಪರಿಸ್ಥಿತಿಯಲ್ಲೂ ಉಬ್ಬಿಕೊಂಡಿದ್ದರು. ಸುದ್ದಿ ಆ ಸಭೆಯನ್ನು ಕಟ್ಟಿದ ಅಪೊಸ್ತಲ ಪೌಲನಿಗೆ ಮುಟ್ಟಿತು. ಕ್ರಿ.ಶ. 55ರ ಸುಮಾರಿಗೆ ಬರೆದ ಪತ್ರದಲ್ಲಿ ಅವನು ಒಂದಿಷ್ಟೂ ಮೆತ್ತಗಾಗಲಿಲ್ಲ. ಆ ಮನುಷ್ಯನನ್ನು ನಿಮ್ಮ ನಡುವಿನಿಂದ ಹೊರಗೆ ಹಾಕಿ, ಅಂಥವನ ಜೊತೆ ಊಟಕ್ಕೂ ಕೂರಬೇಡಿ ಎಂದ.

ಸಭೆಯ ಶಿಸ್ತಿನ ಮಾತು ಬಂದಾಗಲೆಲ್ಲ ಬೈಬಲಿನಲ್ಲಿರುವ ಈ ಪತ್ರದ, ಅಂದರೆ ಒಂದನೇ ಕೊರಿಂಥದ, ಐದನೇ ಅಧ್ಯಾಯ ತೆರೆಯುತ್ತದೆ. ಸಭಾಪಾಲಕನಾಗಿ ನಾನು ಕೂತ ಎಷ್ಟೋ ಮೀಟಿಂಗುಗಳಲ್ಲಿ ಯಾರಾದರೊಬ್ಬರು ಅದನ್ನು ಗಟ್ಟಿಯಾಗಿ ಓದಿದ್ದಾರೆ. ಓದಬೇಕಾದದ್ದೇ. ಆದರೆ ಪೌಲ ಅದೇ ಸಭೆಗೆ ಇನ್ನೊಂದು ಪತ್ರ ಬರೆದ. ಅದರ ಎರಡನೇ ಅಧ್ಯಾಯದಲ್ಲಿ, ಬಹುಮಂದಿ ಕೊಟ್ಟ ಶಿಕ್ಷೆ ಆ ಮನುಷ್ಯನಿಗೆ ಸಾಕು, ಇನ್ನು ಅವನನ್ನು ಕ್ಷಮಿಸಿ, ಸಂತೈಸಿ, ಇಲ್ಲದಿದ್ದರೆ ಅವನು ದುಃಖದಲ್ಲೇ ಮುಳುಗಿಹೋದಾನು ಎಂದು ಬೇಡಿಕೊಳ್ಳುತ್ತಾನೆ. ಇದು ಅದೇ ಮನುಷ್ಯನ ಮಾತು ಎಂದು ಸಭೆ ಹಿಂದಿನಿಂದ ಓದಿಕೊಂಡು ಬಂದಿದೆ. ಕೆಲವು ವಿದ್ವಾಂಸರು ಬೇರೆಯವನು ಎನ್ನುತ್ತಾರೆ. ಯಾರೇ ಆಗಿರಲಿ, ಶಿಕ್ಷೆಗೆ ಒಂದು ಕೊನೆ ಇದೆ ಎಂದು ಪೌಲ ಹೇಳುತ್ತಿದ್ದಾನೆ. ಆ ಕೊನೆಯನ್ನು ಸಭೆ ತಾನೇ ಹೇಳಬೇಕು, ಅವನು ಬಂದು ಬಾಗಿಲು ತಟ್ಟಲಿ ಎಂದು ಕಾಯಬಾರದು ಎನ್ನುವುದೂ ಅದರಲ್ಲೇ ಇದೆ.

ಈ ಎರಡನೇ ಪತ್ರವನ್ನು ಮೀಟಿಂಗಿನಲ್ಲಿ ಓದುವವರು ಅಪರೂಪ.

ಕ್ರೈಸ್ತ ವಿಶ್ವಾಸದಲ್ಲಿ ಕಠಿಣತೆಗೆ ಜಾಗ ಇದೆಯಾ ಎಂದು ಕೇಳಿದರೆ, ಇದೆ ಎಂದೇ ನಾನು ಹೇಳುತ್ತೇನೆ. ದೇವರು ಪ್ರೀತಿಸ್ವರೂಪ, ಹಾಗಾಗಿ ಯಾರಿಗೂ ಏನೂ ಹೇಳಬಾರದು ಎನ್ನುವ ಮಾತು ಈಗ ಜಾಸ್ತಿ ಕೇಳಿಬರುತ್ತದೆ. ಅದು ಕೇಳಲು ಹಿತ. ಆದರೆ ಗಂಡನಿಂದ ಹೊಡೆಸಿಕೊಂಡ ಹೆಂಗಸು ಅದೇ ಸಭೆಯಲ್ಲಿ ಕೂತಿರುತ್ತಾಳಲ್ಲ, ಅವಳಿಗೆ ಆ ಮೆತ್ತನೆಯ ಮಾತು ಹೇಗೆ ಕೇಳಿಸುತ್ತದೆ? ಹೊಡೆದವನು ಮುಂದಿನ ಸಾಲಿನಲ್ಲಿ ಕೂತು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತಾನೆ, ಯಾರೂ ಚಕಾರ ಎತ್ತುವುದಿಲ್ಲ. ಅದನ್ನು ಕೃಪೆ ಎಂದು ಕರೆಯಲು ನನ್ನಿಂದ ಆಗದು. ಪ್ರೊಟೆಸ್ಟೆಂಟರ 1561ರ ಬೆಲ್ಜಿಕ್ ವಿಶ್ವಾಸ ಪ್ರಮಾಣ ನಿಜವಾದ ಸಭೆಯ ಮೂರು ಗುರುತು ಹೇಳುವಾಗ ಸುವಾರ್ತೆಯ ಬೋಧನೆ ಮತ್ತು ಸಂಸ್ಕಾರಗಳ ಜೊತೆಗೆ ಶಿಸ್ತನ್ನೂ ಸೇರಿಸಿದ್ದು ಸುಮ್ನೆ ಅಲ್ಲ.

ಹಾಗಾದರೆ ಯೇಸು ಯಾರ ಮೇಲೆ ಕಠಿಣನಾಗಿದ್ದ? ಇದನ್ನು ನೋಡದೆ ಮುಂದೆ ಹೋಗಬಾರದು. ಮತ್ತಾಯ 23ರಲ್ಲಿ ಮತ್ತೆ ಮತ್ತೆ "ಅಯ್ಯೋ" ಎನ್ನುತ್ತಾನೆ. ಎಲ್ಲವೂ ಅಂದಿನ ಯೆಹೂದಿ ಧಾರ್ಮಿಕ ಮುಖಂಡರಾದ ಶಾಸ್ತ್ರಿಗಳಿಗೆ, ಫರಿಸಾಯರಿಗೆ. ಹೊರಲಾರದ ಹೊರೆಗಳನ್ನು ಜನರ ಹೆಗಲ ಮೇಲೆ ಇಡುತ್ತೀರಿ, ನೀವು ಮಾತ್ರ ಬೆರಳೂ ಮುಟ್ಟಿಸುವುದಿಲ್ಲ ಎಂದು ಬೈಯುತ್ತಾನೆ. ಹಗ್ಗದ ಕೊರಡೆ ಹಿಡಿದದ್ದು ದೇವಾಲಯದ ವ್ಯಾಪಾರಿಗಳ ಎದುರು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿಗೆ "ನಾನೂ ನಿನಗೆ ಶಿಕ್ಷೆ ವಿಧಿಸುವುದಿಲ್ಲ, ಹೋಗು, ಇನ್ನು ಪಾಪ ಮಾಡಬೇಡ" ಎಂದ. ಪಾಪವನ್ನು ಪಾಪ ಎಂದೇ ಕರೆದ, ಆದರೆ ಅವಳನ್ನು ಕಲ್ಲುಗಳಿಗೆ ಒಪ್ಪಿಸಲಿಲ್ಲ. ಅಧಿಕಾರ ಇದ್ದವರ ಮೇಲೆ ಬಿರುಸು, ಬಿದ್ದವರ ಹತ್ತಿರ ಮೃದು. ನಮ್ಮ ಸಭೆಗಳಲ್ಲಿ ಇದು ಎಷ್ಟು ಸಲ ತಿರುಗುಮುರುಗಾಗಿದೆ! ಮದುವೆಗೆ ಮುಂಚೆ ಬಸಿರಾದ ಹುಡುಗಿ ಎಲ್ಲರೆದುರು ಎದ್ದು ನಿಂತು ಕ್ಷಮೆ ಕೇಳಬೇಕು. ಕಾಣಿಕೆಯ ಹಣದ ಲೆಕ್ಕ ಕೊಡದ ದೊಡ್ಡ ಮನುಷ್ಯನನ್ನು ಯಾರೂ ಕೇಳುವ ಹಾಗಿಲ್ಲ.

ಕ್ರಿ.ಶ. 390ರಲ್ಲಿ ಹೀಗಾಗಲಿಲ್ಲ. ಗ್ರೀಸಿನ ಥೆಸಲೊನಿಕದಲ್ಲಿ ಗಲಭೆಯಾಗಿ ಒಬ್ಬ ಸೇನಾಧಿಕಾರಿ ಸತ್ತ. ರೋಮನ್ ಚಕ್ರವರ್ತಿ ಥಿಯೊಡೋಷಿಯಸ್ ಸಿಟ್ಟಿಗೆದ್ದು ಸೈನಿಕರನ್ನು ಬಿಟ್ಟ. ಸಾವಿರಾರು ಜನ ಸತ್ತರು. ಮಿಲಾನಿನ ಬಿಷಪ್ ಅಂಬ್ರೋಸ್ ಅವನಿಗೆ ಪತ್ರ ಬರೆದ. ನೀನು ಬಂದು ನಿಂತರೆ ನಾನು ಬಲಿಪೂಜೆ, ಅಂದರೆ ಪ್ರಭುಭೋಜನದ ಆರಾಧನೆ, ಅರ್ಪಿಸಲಾರೆ ಎಂದ. ಆದರೆ ಆ ಪತ್ರವನ್ನು ಗುಮಾಸ್ತನಿಂದ ಬರೆಸಲಿಲ್ಲ. ಅವನೊಬ್ಬನೇ ಓದಲಿ ಎಂದು ತನ್ನ ಕೈಯಾರೆ ಬರೆದ. ಜಗತ್ತಿನಲ್ಲೇ ಬಲಶಾಲಿಯಾದವನಿಗೆ ಕಟುವಾದ ಮಾತು, ಅದೂ ಗುಟ್ಟಾಗಿ, ಅವನು ತಿದ್ದಿಕೊಳ್ಳಲಿ ಎಂದು. ಥಿಯೊಡೋಷಿಯಸ್ ರಾಜಚಿಹ್ನೆಗಳನ್ನು ತೆಗೆದಿಟ್ಟು ಜನರ ನಡುವೆ ಅತ್ತ. ಅದೇ ವರ್ಷದ ಕ್ರಿಸ್ಮಸ್‌ಗೆ ಅಂಬ್ರೋಸ್ ಅವನಿಗೆ ಪರಮಪ್ರಸಾದ, ಅಂದರೆ ಪ್ರಭುಭೋಜನ, ಕೊಟ್ಟ.

ಹಿಂದಿರುಗುವ ದಾರಿಯ ಬಗ್ಗೆ ಸಭೆ ತಲೆಕೆಡಿಸಿಕೊಂಡದ್ದು ಅದಕ್ಕೂ ಹಿಂದೆ. 250ರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಕೊಡಬೇಕು ಎಂದು ಆಜ್ಞೆ ಹೊರಡಿಸಿದ. ಎಷ್ಟೋ ಕ್ರೈಸ್ತರು ಹೆದರಿ ಬಲಿ ಕೊಟ್ಟರು. ಕೆಲವರು ದುಡ್ಡು ಕೊಟ್ಟು ಬಲಿ ಕೊಟ್ಟ ಸರ್ಟಿಫಿಕೇಟ್ ಮಾಡಿಸಿಕೊಂಡರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಅಳುತ್ತಾ ವಾಪಸ್ ಬಂದರು. ಏನು ಮಾಡುವುದು? ಅದೇ ಸಭೆಯಲ್ಲಿ ಹಿಂಸೆ ತಡೆದುಕೊಂಡವರು ಇದ್ದರು, ಸತ್ತವರ ಮನೆಯವರೂ ಇದ್ದರು. ರೋಮಿನ ಪಾದ್ರಿ ನೊವೇಷಿಯನ್ ಇವರನ್ನು ಯಾವತ್ತೂ ಸೇರಿಸಬಾರದು ಎಂದ. ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಸಲೀಸಾಗಿ ಬಿಟ್ಟುಕೊಡುವವನಲ್ಲ. ಆದರೂ ಅವನು ಮತ್ತು ಇತರ ಬಿಷಪರು 251ರಲ್ಲಿ ಕೂತು, ಒಬ್ಬೊಬ್ಬರ ವಿಷಯವನ್ನೂ ಬೇರೆಬೇರೆಯಾಗಿ ನೋಡೋಣ, ಪಶ್ಚಾತ್ತಾಪದ ಅವಧಿ ಇರಲಿ, ಬಾಗಿಲು ಮಾತ್ರ ಮುಚ್ಚುವುದು ಬೇಡ ಎಂದು ತೀರ್ಮಾನಿಸಿದರು. ಸ್ವಲ್ಪ ಕಾಲದಲ್ಲೇ ಮತ್ತೆ ಹಿಂಸೆಯ ಸೂಚನೆ ಕಂಡಾಗ ಅವಧಿಯನ್ನೂ ಮೊಟಕು ಮಾಡಿದರು. ಮುಂದಿನ ಪರೀಕ್ಷೆ ಎದುರಿಸಲು ಇವರಿಗೆ ಕ್ರಿಸ್ತನ ಪ್ರಸಾದದ ಬಲ ಬೇಡವೇ ಎಂಬುದು ಅವರ ಪ್ರಶ್ನೆ.

325ರಲ್ಲಿ ಬಿಷಪರು ಸೇರಿದ ನಿಸಿಯ ಮಹಾಸಭೆಯ ಹನ್ನೊಂದನೇ ನಿಯಮ ಓದಿದರೆ ಮೊದಲು ಗಾಬರಿಯಾಗುತ್ತದೆ. ಬಲವಂತ ಇಲ್ಲದೆ ವಿಶ್ವಾಸ ಬಿಟ್ಟವರು 3 ವರ್ಷ ವಾಕ್ಯ ಕೇಳುವವರ ಸಾಲಿನಲ್ಲಿ, 7 ವರ್ಷ ಅಡ್ಡಬೀಳುವವರ ಸಾಲಿನಲ್ಲಿ, ಇನ್ನೂ 2 ವರ್ಷ ಪ್ರಸಾದವಿಲ್ಲದೆ ಪ್ರಾರ್ಥನೆಯಲ್ಲಿ ಮಾತ್ರ ಇರಬೇಕು. ಒಟ್ಟು 12 ವರ್ಷ. ಇದು ಅತಿಯಾಯಿತು ಎಂದೇ ನನಗೆ ಅನಿಸುತ್ತದೆ. ಆದರೆ ಒಂದು ವಿಷಯ ಗಮನಿಸಿ. ಆ ಮನುಷ್ಯ ಅಷ್ಟೂ ವರ್ಷ ಸಭೆಯ ಒಳಗೇ ಇದ್ದಾನೆ. ಎಲ್ಲಿ ನಿಲ್ಲಬೇಕು, ಮುಂದಿನ ಸಾಲು ಯಾವುದು, ಯಾವಾಗ ಮುಗಿಯುತ್ತದೆ ಎಲ್ಲ ಗೊತ್ತಿದೆ. ಅವನು ಪಕ್ಕದಲ್ಲಿ ಮಂಡಿಯೂರಿರುವುದು ಎಲ್ಲರಿಗೂ ಕಾಣುತ್ತದೆ. ಹದಿಮೂರನೇ ನಿಯಮವಂತೂ ಸಾಯುವ ಹಂತದಲ್ಲಿ ಇರುವ ಯಾರಿಗೂ ಪ್ರಸಾದ ನಿರಾಕರಿಸಬಾರದು ಎನ್ನುತ್ತದೆ.

ಇಂದು ಆಗುತ್ತಿರುವುದನ್ನು ಇದರ ಪಕ್ಕ ಇಟ್ಟು ನೋಡಿ. ಒಂದು ಭಾನುವಾರ ವೇದಿಕೆಯಿಂದ ಒಬ್ಬನ ಹೆಸರು ಓದುತ್ತಾರೆ. ಇಂದಿನಿಂದ ಇವರು ಪ್ರಭುಭೋಜನಕ್ಕೆ ಬರುವಂತಿಲ್ಲ, ಗಾಯನ ತಂಡದಲ್ಲಿ ಹಾಡುವಂತಿಲ್ಲ. ಎಷ್ಟು ದಿನ? ಹೇಳುವುದಿಲ್ಲ. ಏನು ಮಾಡಿದರೆ ಮುಗಿಯುತ್ತದೆ? ಅದೂ ಇಲ್ಲ. ಸಭೆಯ ವಾಟ್ಸಾಪ್ ಗುಂಪಿನಿಂದ ಅವನ ನಂಬರ್ ತೆಗೆಯುತ್ತಾರೆ. ಹಬ್ಬಕ್ಕೆ ಅವನ ಮಕ್ಕಳಿಗೂ ಕರೆ ಇಲ್ಲ. ವರ್ಷ ಕಳೆದ ಮೇಲೆ ಅಂಥವರು ನನ್ನ ಹತ್ತಿರ ಬಂದಿದ್ದಾರೆ. ಶಿಕ್ಷೆ ಕೊಟ್ಟಿದ್ದಕ್ಕೆ ಅವರು ಅಷ್ಟಾಗಿ ನೊಂದಿರುವುದಿಲ್ಲ. "ಒಬ್ಬರೂ ಮನೆಗೆ ಬರಲಿಲ್ಲ ಪಾಸ್ಟರ್" ಎನ್ನುತ್ತಾರೆ.

ಆರನೇ ಶತಮಾನದ ಸಂತ ಬೆನೆಡಿಕ್ಟ್ ಸನ್ಯಾಸಿಗಳಿಗೆ ಬರೆದ ಮಠದ ನಿಯಮದಲ್ಲಿ ಇದಕ್ಕೇ ಒಂದು ಅಧ್ಯಾಯ ಇಟ್ಟಿದ್ದಾನೆ, ಇಪ್ಪತ್ತೇಳನೆಯದು. ಅವನ ಶಿಸ್ತು ಸಡಿಲ ಅಲ್ಲ. ಎರಡು ಸಲ ಗುಟ್ಟಾಗಿ ಬುದ್ಧಿ ಹೇಳಬೇಕು, ಆಮೇಲೆ ಎಲ್ಲರ ಮುಂದೆ, ಆಗಲೂ ಕೇಳದಿದ್ದರೆ ಊಟ, ಪ್ರಾರ್ಥನೆಗಳಿಂದ ದೂರ ಇಡಬೇಕು. ಆದರೆ ದೂರ ಇಟ್ಟ ದಿನದಿಂದ ಮಠಾಧಿಪತಿಯ ಕೆಲಸ ಜಾಸ್ತಿಯಾಗುತ್ತದೆ. ವಯಸ್ಸಾದ, ತಿಳಿವಳಿಕೆಯ ಸಹೋದರರನ್ನು ಅವನು ಆ ಸನ್ಯಾಸಿಯ ಹತ್ತಿರ ಗುಟ್ಟಾಗಿ ಕಳಿಸಬೇಕು. ಅವರು ಹೋಗಿ ಅವನನ್ನು ಸಂತೈಸಬೇಕು, ತಗ್ಗಿ ನಡೆಯಲು ಮನವೊಲಿಸಬೇಕು. ಎಲ್ಲರೂ ಅವನಿಗಾಗಿ ಪ್ರಾರ್ಥಿಸಬೇಕು. ಮಠ ಬಿಟ್ಟುಹೋದವನು ತಿದ್ದಿಕೊಳ್ಳುತ್ತೇನೆ ಎಂದು ಮರಳಿದರೆ ಮೂರು ಸಲದವರೆಗೂ ಸೇರಿಸಿಕೊಳ್ಳಬಹುದು.

ಹಾಗಾಗಿ ಯಾವುದೇ ಸಮಿತಿ ಶಿಸ್ತುಕ್ರಮಕ್ಕೆ ನನ್ನ ಅಭಿಪ್ರಾಯ ಕೇಳಿದರೆ, ತೀರ್ಮಾನದ ಹಾಳೆಯಲ್ಲೇ ಕೆಲವು ವಿಷಯ ಬರೆಯಲು ಹೇಳುತ್ತೇನೆ. ಇದನ್ನು ಮತ್ತೆ ಪರಿಶೀಲಿಸುವ ತಾರೀಖು ಯಾವುದು. ಅವನು ಏನು ಸರಿಪಡಿಸಬೇಕು, ಸಾಲವಾ, ಸುಳ್ಳಾ, ಮುರಿದ ಮಾತಾ. ಅವನ ಮನೆಗೆ ಹೋಗುವ ಇಬ್ಬರು ಯಾರು. ಈ ಮೂರನೇ ಸಾಲಿಗೆ ಬಂದಾಗ ಕೋಣೆ ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ಶಿಕ್ಷೆಗೆ ಕೈ ಎತ್ತಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹೋಗಲು ಯಾರೂ ಸಿಗದಿದ್ದರೆ ಆ ಶಿಕ್ಷೆ ಕೊಡುವ ಯೋಗ್ಯತೆ ಆ ಸಭೆಗೆ ಇನ್ನೂ ಬಂದಿಲ್ಲ ಎಂದು ನಾನು ನೇರವಾಗಿ ಹೇಳುತ್ತೇನೆ.

ಇಲ್ಲಿ ಒಂದು ಎಚ್ಚರಿಕೆ. ಮತ್ತಾಯ 18ರಲ್ಲಿ ಯೇಸು ಹೇಳಿದ ಕ್ರಮ ಎಲ್ಲರಿಗೂ ಗೊತ್ತು. ಮೊದಲು ನೀವಿಬ್ಬರೇ ಇರುವಾಗ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು. ಇದನ್ನು ಅಪರಾಧ ಮುಚ್ಚಿಡಲು ಬಳಸುವುದು ನೋಡಿದ್ದೇನೆ. ಮಗುವಿನ ಮೇಲೆ ಕೈಮಾಡಿದವನ ವಿಷಯದಲ್ಲಿ, ಮೊದಲು ಹೋಗಿ ಗುಟ್ಟಾಗಿ ಮಾತಾಡು ಎಂದು ಆ ಮಗುವಿನ ತಾಯಿಗೆ ಹೇಳುತ್ತಾರೆ. ಇದು ಖಂಡಿತ ತಪ್ಪು. ಅದೇ ಅಧ್ಯಾಯದ ಮೊದಲ ಭಾಗದಲ್ಲಿ, ಈ ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ವಾಸಿ ಎನ್ನುತ್ತಾನೆ ಯೇಸು. ಅಪರಾಧ ಪೊಲೀಸರ ಹತ್ತಿರ ಹೋಗಬೇಕು, ಅದೂ ಮೊದಲು. ಅವನು ಅತ್ತು ಪಶ್ಚಾತ್ತಾಪಪಟ್ಟರೂ ಮಕ್ಕಳ ನಡುವೆ ಮತ್ತೆ ಅವನಿಗೆ ಕೆಲಸ ಕೊಡಬಾರದು. ಕ್ಷಮೆ ಬೇರೆ, ಜವಾಬ್ದಾರಿ ಬೇರೆ.

ಇನ್ನೊಂದು ನೋವಿನ ವಿಷಯ. ಕರ್ತನು ತಾನು ಪ್ರೀತಿಸುವವರನ್ನು ಶಿಕ್ಷಿಸುತ್ತಾನೆ ಎಂಬ ಇಬ್ರಿಯ 12ರ ಮಾತನ್ನು ರೋಗಿಯ ಹಾಸಿಗೆ ಪಕ್ಕ ನಿಂತು ಹೇಳುವವರಿದ್ದಾರೆ. ಆ ಪತ್ರ ಬರೆದದ್ದು ವಿಶ್ವಾಸಕ್ಕಾಗಿ ಕಷ್ಟಪಟ್ಟು ದಣಿದವರಿಗೆ, ನೀವು ದೇವರಿಗೆ ಬೇಡವಾದವರಲ್ಲ, ಮಕ್ಕಳು ಎಂದು ಧೈರ್ಯ ತುಂಬಲು. ಕ್ಯಾನ್ಸರ್ ಬಂದವರನ್ನು, ನೀವೇನು ಪಾಪ ಮಾಡಿದ್ದೀರಿ ಎಂದು ಕೆದಕಲು ಅಲ್ಲ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದೇ ಪ್ರಶ್ನೆ ಕೇಳಿದಾಗ, ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಯೂ ಮಾಡಲಿಲ್ಲ ಎಂದ ಯೇಸು. ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು?

ಕೊನೆಗೆ ಮಕ್ಕಳ ವಿಷಯ, ಅಪ್ಪ ಅಮ್ಮಂದಿರು ಜಾಸ್ತಿ ಕೇಳುವುದು ಇದನ್ನೇ. ಜ್ಞಾನೋಕ್ತಿಗಳಲ್ಲಿ ಬೆತ್ತದ ಮಾತಿದೆ ಅಲ್ವಾ ಎನ್ನುತ್ತಾರೆ. ಇದೆ. ಎಫೆಸ 6ರಲ್ಲಿ ತಂದೆಗಳೇ, ಮಕ್ಕಳಿಗೆ ಸಿಟ್ಟೆಬ್ಬಿಸಬೇಡಿ ಎಂದೂ ಇದೆ. ಕೊಲೊಸ್ಸೆ 3ರಲ್ಲಿ ಅವರು ಮನಗುಂದಿಹೋದಾರು ಎಂಬ ಕಾರಣವನ್ನೂ ಕೊಟ್ಟಿದೆ. ಹನ್ನೊಂದನೇ ಶತಮಾನದ ಸಂತ ಆನ್ಸೆಲ್ಮ್ ಹತ್ತಿರ ಒಬ್ಬ ಮಠಾಧಿಪತಿ ಬಂದು, ಮಠದ ಹುಡುಗರನ್ನು ಹಗಲೂ ರಾತ್ರಿ ಹೊಡೆಯುತ್ತೇವೆ, ಆದರೂ ಕೆಡುತ್ತಲೇ ಇದ್ದಾರೆ ಎಂದು ಗೋಳಾಡಿದನಂತೆ. ಒಂದು ಗಿಡ ನೆಟ್ಟು ಕೊಂಬೆ ಚಾಚಲು ಆಗದ ಹಾಗೆ ಸುತ್ತ ಮುಚ್ಚಿಬಿಟ್ಟು, ವರ್ಷಗಳಾದ ಮೇಲೆ ತೆಗೆದು ನೋಡಿದರೆ ಅದು ಹೇಗಿರುತ್ತದೆ ಎಂದು ಕೇಳಿದ ಆನ್ಸೆಲ್ಮ್. ಸೊಟ್ಟಗೆ, ಸಿಕ್ಕುಸಿಕ್ಕಾಗಿ ಇರುತ್ತದೆ ಎಂದ ಮಠಾಧಿಪತಿ. ತಪ್ಪು ಯಾರದ್ದು ಎಂದು ಮತ್ತೆ ಕೇಳಿದಾಗ ಅವನಿಗೆ ಅರ್ಥವಾಯಿತು.

ಮೊಬೈಲ್ ಕಿತ್ತಿಡಬೇಕಾ, ಹೊರಗೆ ಬಿಡಬಾರದಾ ಎಂದು ಕೇಳುವ ಅಪ್ಪನಿಗೆ ನಾನು ಬೇಡ ಎನ್ನುವುದಿಲ್ಲ. ಮನೆಗೆ ನಿಯಮ ಬೇಕು, ಮುರಿದರೆ ಅದರ ಪರಿಣಾಮ ಮಗ ಅನುಭವಿಸಬೇಕು. ಆದರೆ ಕೈ ಎತ್ತಬೇಡಿ. ಸಿಟ್ಟು ಇಳಿಯುವ ತನಕ ತೀರ್ಪು ಹೇಳಬೇಡಿ. ಎಷ್ಟು ದಿನ ಎಂದು ಮೊದಲೇ ಹೇಳಿ, ಆ ದಿನ ಬಂದಾಗ ಅವನು ಕೇಳುವ ಮುಂಚೆ ನೀವೇ ತಂದುಕೊಡಿ. ಆ ನಡುವಿನ ದಿನಗಳಲ್ಲಿ ಅವನ ಜೊತೆ ಮಾತು ಬಿಡಬೇಡಿ. ಮಾತು ಬಿಡುವುದನ್ನೇ ಶಿಕ್ಷೆ ಮಾಡಿಕೊಂಡ ಮನೆಗಳಿಂದ ಬಂದ ಮಕ್ಕಳು ದೊಡ್ಡವರಾದ ಮೇಲೂ ನನ್ನ ಎದುರು ಕೂತು, ದೇವರು ನನ್ನ ಜೊತೆ ಮಾತು ಬಿಟ್ಟಿದ್ದಾನೆ ಎನ್ನುತ್ತಾರೆ. ಅವರಿಗೆ ನಾನು ಮೊದಲು ಓದಿಸುವುದು ಎರಡನೇ ಕೊರಿಂಥದ ಆ ಎರಡನೇ ಅಧ್ಯಾಯವನ್ನೇ.