ಚೆಂಡು ಯಾಕೆ ನಿಂತಲ್ಲೇ ನಿಂತಿದೆ?

ನನ್ನ ಅಣ್ಣನ ಮಗಳು ಈ ರಜೆಯಲ್ಲಿ ಪಿ5.ಜೆಎಸ್ ಕಲಿಯುತ್ತಿದ್ದಾಳೆ. ಬ್ರೌಸರಿನಲ್ಲೇ ಕೋಡ್ ಬರೆದು ಚಿತ್ರಗಳನ್ನು ಓಡಾಡಿಸುವ ಉಚಿತ ಸಾಧನ ಅದು. ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರುಮಾಡಿದ ಪ್ರೊಸೆಸಿಂಗ್ ಅನ್ನುವ ಸಾಧನ ಇದರ ಮೂಲ. ಅವಳ ಆಸೆ ಸಣ್ಣದು: ಒಂದು ಕೆಂಪು ಚೆಂಡು ಎಡದಿಂದ ಬಲಕ್ಕೆ ಹೋಗಬೇಕು.

ಮೊದಲ ಸಲ ಏನೂ ಬರಲಿಲ್ಲ. ಕೊನೆಯ ಸಾಲಿನಲ್ಲಿ ತಪ್ಪಿದೆ ಅಂತ ಕೆಂಪು ಅಕ್ಷರ ಬಂತು. ಆದರೆ ಕೊನೆಯ ಸಾಲು ಸರಿಯಾಗೇ ಇತ್ತು! ತಪ್ಪಿದ್ದದ್ದು ಎಷ್ಟೋ ಮೇಲೆ. ಅಲ್ಲಿ ತೆರೆದ ಒಂದು ಬ್ರಾಕೆಟ್ಟನ್ನು ಅವಳು ಮುಚ್ಚಿರಲಿಲ್ಲ. ಇದು ಕನ್ನಡ ಓದುವವರಿಗೆ ಬೇಗ ಅರ್ಥವಾಗಬೇಕು. "ಅಜ್ಜಿ ಸಂತೆಯಿಂದ ಬೆಲ್ಲವನ್ನು" ಅಂತ ಓದುವಾಗ ನಾವು ಕ್ರಿಯಾಪದಕ್ಕಾಗಿ ಕಾಯುತ್ತೇವೆ. ವಾಕ್ಯ ಮುಗಿದಾಗ ಮಾತ್ರ ಅದು ಇಲ್ಲ ಅಂತ ಗೊತ್ತಾಗುತ್ತದೆ, ಅಲ್ವಾ? ಕಂಪ್ಯೂಟರ್ ಕೂಡ ಹಾಗೇ ಮುಚ್ಚುವ ಬ್ರಾಕೆಟ್ಟಿಗಾಗಿ ಫೈಲಿನ ತುದಿಯವರೆಗೂ ಕಾಯಿತು. ಅದು ತೋರಿಸುವ ಸಾಲು ಅಂದರೆ, ತಪ್ಪು ಅದಕ್ಕೆ ಕಂಡ ಜಾಗ ಅಷ್ಟೇ. ಹುಡುಕುವುದನ್ನು ಅಲ್ಲಿಂದ ಮೇಲಕ್ಕೆ ಶುರುಮಾಡಬೇಕು.

ಬ್ರಾಕೆಟ್ ಹಾಕಿದ ಮೇಲೆ ಚೆಂಡು ಬಂತು. ಆದರೆ ಅಲುಗಲಿಲ್ಲ. ಈಗ ಕೆಂಪು ಅಕ್ಷರವೂ ಇಲ್ಲ. ನನಗೆ ಇಂಥ ತಪ್ಪುಗಳ ಮೇಲೇ ಜಾಸ್ತಿ ಕುತೂಹಲ, ಯಾಕೆಂದರೆ ಇಲ್ಲಿ ಕಂಪ್ಯೂಟರ್ ನಾವು ಹೇಳಿದ್ದನ್ನೇ ಮಾಡುತ್ತಿರುತ್ತದೆ.

ಪಿ5ನಲ್ಲಿ 'ಡ್ರಾ' ಅನ್ನುವ ಫಂಕ್ಷನ್, ಅಂದರೆ ಒಂದು ಹೆಸರಿನಡಿ ಕಟ್ಟಿಟ್ಟ ಕೋಡಿನ ಸಾಲುಗಳು, ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಓಡುತ್ತದೆ. ಪ್ರತಿ ಸಲ ಒಂದು ಹೊಸ ಚಿತ್ರ. ಚೆಂಡು ಎಡ ಅಂಚಿನಿಂದ ಎಷ್ಟು ದೂರ ಅನ್ನುವುದಕ್ಕೆ ಅವಳು ಇಟ್ಟ ಹೆಸರು ಎಕ್ಸ್; ಹೊಸ ಹೆಸರು ಹುಟ್ಟಿಸುವ ಪದ 'ಲೆಟ್'. ಅವಳು ಆ ಫಂಕ್ಷನ್ನಿನ ಒಳಗೇ 'ಲೆಟ್ ಎಕ್ಸ್ = 0' ಅಂತ ಬರೆದು, ಮುಂದಿನ ಸಾಲಿನಲ್ಲಿ ಎಕ್ಸ್‌ಗೆ 2 ಕೂಡಿಸಿದ್ದಳು. ಎಕ್ಸ್‌ನ ಬೆಲೆಯನ್ನು ಪ್ರಿಂಟ್ ಮಾಡಿ ನೋಡು ಅಂದೆ. 2, 2, 2, 2... ಸಾಲು ನಿಲ್ಲಲೇ ಇಲ್ಲ. ಸೆಕೆಂಡಿಗೆ 60 ಸಲ ಹೊಸ ಎಕ್ಸ್ ಹುಟ್ಟುತ್ತಿತ್ತು, 2 ಆಗುತ್ತಿತ್ತು, ಡ್ರಾ ಮುಗಿದ ಕೂಡಲೇ ಇಲ್ಲವಾಗುತ್ತಿತ್ತು.

ಎಕ್ಸ್ ಥರ ಬೆಲೆ ಹಿಡಿದಿಡುವ ಹೆಸರಿಗೆ ವೇರಿಯಬಲ್ ಅನ್ನುತ್ತಾರೆ. ಅದು ಬದುಕಿರುವ, ಹೆಸರು ಹಿಡಿದು ಕರೆದರೆ ಓಗೊಡುವ ಜಾಗಕ್ಕೆ ಸ್ಕೋಪ್ ಅನ್ನುತ್ತಾರೆ. ನಮ್ಮ ಬೀದಿಯಲ್ಲಿ ಎಷ್ಟೋ ಮನೆಗೆ ಒಬ್ಬೊಬ್ಬಳು ಪುಟ್ಟಿ. ಮನೆಯೊಳಗಿನಿಂದ "ಪುಟ್ಟೀ" ಅಂತ ಕೂಗಿದರೆ ಆ ಮನೆಯ ಪುಟ್ಟಿ ಬರುತ್ತಾಳೆ. ಒಳಗೆ ಯಾರೂ ಇಲ್ಲದಿದ್ದರೆ ಮಾತ್ರ ಕೂಗು ಬೀದಿಗೆ ಹೋಗುತ್ತದೆ. ಪಿ5ನಲ್ಲಿ ಕೋಡ್ ಬರೆಯುವ ಭಾಷೆಯಾದ ಜಾವಾಸ್ಕ್ರಿಪ್ಟ್ ಹೆಸರು ಹುಡುಕುವುದೂ ಹೀಗೇ, ಒಳಗಿನಿಂದ ಹೊರಕ್ಕೆ.

ಹುಡುಗಿಗೆ ವಿಷಯ ಹೊಳೆಯಿತು. ಸೊನ್ನೆಯ ಸಾಲನ್ನು ಡ್ರಾದ ಹೊರಗೆ, ಮೇಲಕ್ಕೆ ತಂದಳು. ಆದರೆ ಒಳಗಿನ ಸಾಲನ್ನು ತಿದ್ದುವಾಗ ಅಭ್ಯಾಸಬಲದಿಂದ 'ಲೆಟ್ ಎಕ್ಸ್ = ಎಕ್ಸ್ + 2' ಅಂತ ಬರೆದುಬಿಟ್ಟಳು. ಮತ್ತೆ ಕೆಂಪು ಅಕ್ಷರ: ಎಕ್ಸ್‌ಗೆ ಇನ್ನೂ ಬೆಲೆ ಬಂದಿಲ್ಲ, ಮುಟ್ಟಬೇಡ. ಹೊರಗೆ ಎಕ್ಸ್ ಇದೆಯಲ್ಲ ಅಂತ ಅವಳ ವಾದ. ಇದೆ, ಆದರೆ ಆ ಒಂದು 'ಲೆಟ್'ನಿಂದ ಒಳಗೂ ಒಬ್ಬಳು ಪುಟ್ಟಿ ಬಂದಳು. ಅವಳಿನ್ನೂ ನಿದ್ದೆಯಿಂದ ಎದ್ದಿಲ್ಲ. ಒಳಗೆ ಆ ಹೆಸರಿನವಳು ಇರುವುದರಿಂದ ಕೂಗು ಬೀದಿಗೆ ಹೋಗುವುದೇ ಇಲ್ಲ.

ಈ ಕೆಂಪು ಅಕ್ಷರ ದೊಡ್ಡ ಉಪಕಾರ ಅಂತ ನಾನು ನಂಬುತ್ತೇನೆ. ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಕಟ್ಟಿದಾಗ 'ಲೆಟ್' ಇರಲಿಲ್ಲ, 'ವಾರ್' ಮಾತ್ರ ಇತ್ತು. 'ಲೆಟ್' ಸೇರಿದ್ದು 2015ರಲ್ಲಿ. ಇದೇ ಸಾಲನ್ನು 'ವಾರ್' ಹಾಕಿ ಬರೆದಿದ್ದರೆ ದೂರೇ ಬರುತ್ತಿರಲಿಲ್ಲ. ಬೆಲೆಯಿಲ್ಲದ ಎಕ್ಸ್‌ಗೆ 2 ಕೂಡಿಸಿ, 'ಇದು ಸಂಖ್ಯೆಯಲ್ಲ' ಅನ್ನುವ ಉತ್ತರ ಇಟ್ಟುಕೊಂಡು, ಚೆಂಡನ್ನು ಸುಮ್ನೆ ಮಾಯ ಮಾಡುತ್ತಿತ್ತು.

ಒಳಗಿನ 'ಲೆಟ್' ಅಳಿಸಿದಳು. ಚೆಂಡು ಹೊರಟಿತು. ಚಿತ್ರದ ಅಗಲ 400 ಪಿಕ್ಸೆಲ್, ಸೆಕೆಂಡಿಗೆ 120ರ ನಡಿಗೆ. ಮೂರು ಸೆಕೆಂಡು ಕಳೆದು ಸ್ವಲ್ಪ ಹೊತ್ತಿಗೆ ಬಲಗಡೆ ಅಂಚು ದಾಟಿತು. ಅದು ವಾಪಸ್ ಬರಬೇಕು ಅಂತ ಅವಳ ಹಟ. ಅದಕ್ಕೆ ವೇಗದ ಹೆಸರಿನಲ್ಲಿ ಇನ್ನೊಂದು ವೇರಿಯಬಲ್ ಬೇಕು. ಎಲ್ಲಿ ಬರೆಯಲಿ ಅಂತ ಅವಳು ಕೇಳಲಿಲ್ಲ. ಕರ್ಸರನ್ನು ಮೊದಲ ಸಾಲಿಗೆ ಒಯ್ದು, ಎಕ್ಸ್‌ನ ಪಕ್ಕದಲ್ಲೇ ಬರೆದಳು.